ಯುದ್ಧವಿಮಾನದ ಮೂಗಿನ ಮೇಲಿನ ನೊಣ

ದಿನವಿಡೀ ಜನರನ್ನು ಮೇಲಕ್ಕೂ ಕೆಳಕ್ಕೂ ಒಯ್ಯುವ ಲಿಫ್ಟ್ ಆಪರೇಟರನಿಗೆ ಮನೆಗೆ ಬಂದರೆ ಜೆಟ್ ವಿಮಾನಗಳದ್ದೇ ಧ್ಯಾನ. ಪ್ಲಾಸ್ಟಿಕ್ ತುಂಡುಗಳನ್ನು ಅಂಟಿಸಿ, ಉಜ್ಜಿ, ಬಣ್ಣ ಹೊಡೆದು ಗೇಣುದ್ದದ ಯುದ್ಧವಿಮಾನಗಳನ್ನು ಮಾಡುತ್ತಿದ್ದ. ಊಟದ ಟೇಬಲ್ ವಿಮಾನ ನಿಲ್ದಾಣವಾಗಿ, ಮನೆಯವರು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣುತ್ತಿದ್ದರು. ಒಂದು ದಿನ ಬಿಸಿ ಕಾಫಿಯನ್ನು ಮಡಿಲಿಗೆ ಚೆಲ್ಲಿಕೊಂಡ ಹೆಂಡತಿ ಕಡ್ಡಿ ಮುರಿದಂತೆ ಹೇಳಿಬಿಟ್ಟಳು:

"ನೋಡ್ರೀ, ಈ ಸಲ ಮಾದರಿ ವಿಮಾನಗಳ ಸ್ಪರ್ಧೆಯಲ್ಲಿ ಬಹುಮಾನ ಬಂದ್ರೆ ಟೇಬಲ್ ನಿಮ್ದು. ಇಲ್ಲಾಂದ್ರೆ ಅವತ್ತೇ ವಿಮಾನಗಳೆಲ್ಲ ಅಟ್ಟಕ್ಕೆ."

ಸ್ಪರ್ಧೆಯ ದಿನ ಬೆಳಿಗ್ಗೆ, ಬಣ್ಣ ಒಣಗಿದ ವಿಮಾನವನ್ನು ಚಕ್ರಗಳ ಮೇಲೆ ನಿಲ್ಲಿಸಿದ. ಅದು ಬಾಲ ಊರಿ ಕುಳಿತು ಮೂಗನ್ನು ಸೂರಿನ ಕಡೆ ಎತ್ತಿತು, ಬಿಸ್ಕತ್ತು ಕೇಳುವ ನಾಯಿಯ ಹಾಗೆ. ಎರಡು ಹೋಳುಗಳನ್ನು ಅಂಟಿಸುವ ಮೊದಲು ಮೂಗಿನೊಳಗೆ ಭಾರಕ್ಕೆಂದು ಸೀಸದ ಗುಂಡು ಇಡಬೇಕಿತ್ತು, ಮರೆತಿದ್ದ. ಈಗ ಬಿಚ್ಚಿದರೆ ಬಣ್ಣವೆಲ್ಲ ಹಾಳು. ಹಲಗೆಗೆ ಅಂಟಿಸೋಣವೆಂದರೆ, ವಿಮಾನ ತನ್ನ ಚಕ್ರಗಳ ಮೇಲೇ ನಿಲ್ಲಬೇಕೆಂದು ನಿಯಮ.

"ಏನು ಅಳಿಯಂದಿರೇ, ಯುದ್ಧಕ್ಕೆ ಮೊದ್ಲೇ ಸುಸ್ತಾಯ್ತಾ ಇದಕ್ಕೆ?" ಎಂದರು ಅತ್ತೆ.

ಅಷ್ಟರಲ್ಲಿ ಒಂದು ನೊಣ ಬಂದು ಮೂಗಿನ ತುದಿಯಲ್ಲಿ ಕುಳಿತಿತು. ವಿಮಾನ ವಿನಯದಿಂದ ತಲೆ ತಗ್ಗಿಸಿ ಮೂರೂ ಚಕ್ರಗಳ ಮೇಲೆ ನಿಂತಿತು. ನೊಣ ಹಾರಿತು, ಮೂಗು ಮತ್ತೆ ಮೇಲೆ.

"ಒಂದು ನೊಣದಷ್ಟು ಭಾರ ಕಮ್ಮಿ, ಅಷ್ಟೇ ತಾನೆ?" ಎಂದ ಅತ್ತೆ ಕಡ್ಡಿಯ ತುದಿಯಲ್ಲಿ ಒಂದು ಚುಕ್ಕೆ ಜೇನು ತಂದು ಮೂಗಿಗೆ ಮುಟ್ಟಿಸಿದರು. ನೊಣ ವಾಪಸ್ ಬಂತು. ಲಿಫ್ಟ್ ಆಪರೇಟರ್ ವಿಮಾನದ ಮೇಲೊಂದು ಗಾಜಿನ ಡಬ್ಬಿ ಬೋರಲು ಹಾಕಿ, ನೊಣದ ಸಮೇತ ಅದನ್ನು ಸ್ಪರ್ಧೆಗೆ ಹೊತ್ತೊಯ್ದ.

ತೀರ್ಪುಗಾರ ಭೂತಗನ್ನಡಿ ಹಿಡಿದು ಬಂದ. ಡಬ್ಬಿ ತೆಗೆಯಲೇಬೇಕಾಯಿತು. ಜೇನಿನ ರುಚಿ ಹತ್ತಿದ್ದ ನೊಣ ಕದಲಲಿಲ್ಲ.

"ಥೂ, ನೊಣ!" ಎಂದು ತೀರ್ಪುಗಾರ ಕೈ ಎತ್ತಿದ.

"ಓಡಿಸ್ಬೇಡಿ ಸಾರ್!" ಟೇಬಲ್ ಕೈಬಿಟ್ಟು ಹೋಗುವುದು ಕಣ್ಣಿಗೆ ಕಟ್ಟಿ ಲಿಫ್ಟ್ ಆಪರೇಟರ್ ಬಾಯಿಗೆ ಬಂದದ್ದನ್ನು ಹೇಳಿದ. "ಅದನ್ನೂ ನಾನೇ ಮಾಡಿದ್ದು."

ತೀರ್ಪುಗಾರ ಬಗ್ಗಿದ. "ಅಬ್ಬಬ್ಬಾ! ಕಾಲಲ್ಲಿ ರೋಮ! ರೆಕ್ಕೆಯಲ್ಲಿ ನರ! ಅರೆ, ಕೈ ಬೇರೆ ಉಜ್ಜುತ್ತಲ್ರೀ?"

"ಫ್ಯಾನ್ ಜೋರಾಗಿದೆ, ಚಳಿ ಸಾರ್."

"ಅಳತೆ ಮಾತ್ರ ತಪ್ಪು. ಈ ವಿಮಾನದ ಲೆಕ್ಕದಲ್ಲಿ ನೊಣ ಕೋಳಿಯಷ್ಟು ದೊಡ್ಡದಾಯ್ತು."

"ದೊಡ್ಡ ಜಾತಿ ಸಾರ್."

ಜೇನು ಮುಗಿಯಿತು. ನೊಣ ಎದ್ದು, ತೀರ್ಪುಗಾರನ ತಲೆಯನ್ನು ಒಂದು ಸುತ್ತು ಹಾಕಿ ಬಾಗಿಲಿನಿಂದ ಹೊರಟೇಹೋಯಿತು. ವಿಮಾನ ಬಾಲ ಊರಿತು. ಅದನ್ನು ನೋಡಿದವರು ಯಾರು? ಅಷ್ಟೊಂದು ವಿಮಾನಗಳ ನಡುವೆ ನಿಜವಾಗಿ ಹಾರಿದ್ದು ಆ ನೊಣವೊಂದೇ ಎಂದು ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು.

ಮನೆಯಲ್ಲಿ ಹೆಂಡತಿ ಪದಕ ತಿರುಗಿಸಿ ಓದಿದಳು: "ಮೊದಲ ಬಹುಮಾನ, ನೊಣ."

"ಗೆದ್ದೆ ಕಣೇ. ಟೇಬಲ್ ನಂದು."

"ಅದ್ಹೇಗೆ? ಬಹುಮಾನ ಬಂದಿರೋದು ನೊಣಕ್ಕೆ. ಟೇಬಲ್ಲೂ ನೊಣದ್ದೇ."

"ಅದು ಹಾರಿಹೋಯ್ತಲ್ಲೇ!"

ಅವನ ಮುಖ ನೋಡಿ ಅವಳಿಗೆ ಅಯ್ಯೋ ಅನಿಸಿತು. "ಸರಿ, ಅದು ಬಂದು ಕೇಳೋವರೆಗೂ ಅರ್ಧ ನಿಮ್ಗೆ, ಅರ್ಧ ನಮ್ಗೆ" ಎಂದು ವಿಮಾನಗಳನ್ನು ಒಂದು ಪಕ್ಕಕ್ಕೆ ಸರಿಸಿ ತಟ್ಟೆ ಹಾಕಿದಳು. ಎಷ್ಟೋ ಕಾಲದ ಮೇಲೆ ಮೂವರೂ ಕುರ್ಚಿ ಎಳೆದು ಕುಳಿತರು.

ಅತ್ತೆ ಮಾತ್ರ ಮತ್ತೆ ಎದ್ದು ಹೋಗಿ ಕಿಟಕಿಗಳನ್ನೆಲ್ಲ ಭದ್ರವಾಗಿ ಮುಚ್ಚಿ ಬಂದರು.