ಬಿಟ್ಟುಕೊಟ್ಟ ಹತ್ತು ನಿಮಿಷ

ಮೂಡಲಗಿಯ ಶುಭಾಂಗಿಗೆ ಹುಕ್ಕೇರಿಯ ಶೈಲಾಳನ್ನು ಕಂಡರೆ ಹೊಟ್ಟೆಯುರಿ. ಗೆಳತಿಯೂ ಹೌದು, ಅದೇ ತೊಂದರೆ; ವೈರಿಯಾಗಿದ್ದರೆ ಬೈದಾದರೂ ಹಗುರಾಗಬಹುದಿತ್ತು. ಧಾರವಾಡದಲ್ಲಿ ಇಬ್ಬರೂ ಎಂ.ಎ. ಓದಿದರು, ಒಂದೇ ವಿಷಯ ಹಿಡಿದರು: ಸೈಬರ್ ಕೆಫೆಗಳಲ್ಲಿ ಹೆಣ್ಣುಮಕ್ಕಳ ಸುರಕ್ಷತೆ. ಶುಭಾಂಗಿ ಗ್ರಂಥಾಲಯದಲ್ಲಿ ಕೂತು ನೂರು ಪುಟ ಬರೆದಳು. ಶೈಲಾ ಊರೂರು ತಿರುಗಿ, ಹುಡುಗಿಯರು ಕೆಫೆಯ ರಿಜಿಸ್ಟರಿನಲ್ಲಿ ಬರೆಯುವ ಫೋನ್ ನಂಬರನ್ನು ಆಮೇಲೆ ಬಂದವರು ಕದ್ದು ಬರೆದುಕೊಂಡು ಕಾಡುತ್ತಾರೆಂದು ಪತ್ತೆ ಹಚ್ಚಿದಳು. ಗುರುಗಳು ಶೈಲಾಳ ಬೆನ್ನು ತಟ್ಟಿದರು. ಶುಭಾಂಗಿಗೆ, "ಅಕ್ಷರ ಚಂದ ಅದಾವು" ಎಂದರು. ನೂರು ಪುಟ ಬರೆದವಳಿಗೆ ಇದಕ್ಕಿಂತ ದೊಡ್ಡ ಬೈಗುಳ ಬೇಕೆ?

ಎರಡು ಸಾವಿರದ ಆರರ ಬೇಸಿಗೆ. ಅಂತರ್ಜಾಲದ ಸುರಕ್ಷತೆಗೆ ಸರ್ಕಾರ ಎಂಥ ನಿಯಮ ಮಾಡಬೇಕೆಂದು ಅಧ್ಯಯನ ಮಾಡಲು ಬೆಂಗಳೂರಿನ ಸಂಸ್ಥೆಯೊಂದು ಅರ್ಜಿ ಕರೆಯಿತು. ಸೀಟು ಒಂದೇ. ಇಬ್ಬರೂ ಅರ್ಜಿ ಹಾಕಿದರು. ಉತ್ತರ ನೋಡಲು ಇಬ್ಬರೂ ಬಸ್ಸು ಹತ್ತಿ ಗೋಕಾಕಿನ ರಾಜಪ್ಪನ ಕೆಫೆಗೆ ಬರುತ್ತಿದ್ದರು. ಅಲ್ಲೊಂದು ಪದ್ಧತಿ: ದುಡ್ಡು ಕೊಟ್ಟ ತಾಸು ಮುಗಿಯುವ ಮೊದಲೇ ಎದ್ದವರು ಉಳಿದ ನಿಮಿಷಗಳನ್ನು ಗುರುತಿನವರಿಗೆ ಬಿಟ್ಟುಕೊಡಬಹುದು.

ಒಂದು ಮಧ್ಯಾಹ್ನ ಶೈಲಾ ಗಡಬಡಿಸಿ ಎದ್ದಳು. "ಹತ್ತು ನಿಮಿಷ ಉಳದಾವು, ನೀ ಕುಂದ್ರ. ನನ್ನ ಬಸ್ ಬಂತು." ತನ್ನ ಇ-ಮೇಲ್ ಮುಚ್ಚುವುದನ್ನು ಮರೆತು ಓಡಿದಳು.

ಮುಚ್ಚಬೇಕೆಂದೇ ಶುಭಾಂಗಿಯ ಕೈ ಹೋಯಿತು, ಅದು ಖರೆ. ಅಷ್ಟರಲ್ಲಿ ಶೈಲಾಳಿಗೆ ಬೆಂಗಳೂರಿನ ಪತ್ರವೊಂದು ಬಂದು ಬಿತ್ತು: ಸಂದರ್ಶನಕ್ಕೆ ಬನ್ನಿ, ವಾರದೊಳಗೆ ಉತ್ತರಿಸಿ, ಇಲ್ಲವಾದರೆ ಎರಡನೆಯವರನ್ನು ಕರೆಯುತ್ತೇವೆ. ಎರಡನೆಯವರು ಯಾರೆಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಹುಟ್ಟಿದಾರಭ್ಯ ತಾನು ಶೈಲಾಳ ಹಿಂದೆಯೇ ನಿಂತಂತೆ ಅನಿಸಿತು. ಪತ್ರ ಅಳಿಸಿದಳು, ಅಳಿಸಿದ್ದು ಹೋಗಿ ಬೀಳುವ ಬುಟ್ಟಿಯಿಂದಲೂ ತೆಗೆದಳು.

ಹತ್ತನೆಯ ದಿನ ಅವಳಿಗೆ ಕರೆ ಬಂತು. ಸಂದರ್ಶನದಲ್ಲಿ ಕೇಳಿದರು: "ಕೆಫೆಯಲ್ಲಿ ಎಲ್ಲಕ್ಕಿಂತ ದೊಡ್ಡ ಅಪಾಯ ಯಾರಿಂದ?" ಓದಿದ್ದೆಲ್ಲ ಮರೆತುಹೋಯಿತು.

"ಗುರುತಿಲ್ಲದವರಿಂದ ಅಲ್ರಿ," ಎಂದಳು. "ಬಾಜೂ ಕುಂತ ಗೆಳತಿಯಿಂದ್ರಿ."

ಅವರು ತಲೆದೂಗಿ ಬರೆದುಕೊಂಡರು. ಸೀಟು ಅವಳದಾಯಿತು.

ಸುದ್ದಿ ಕೇಳಿ ಶೈಲಾ ಮೂಡಲಗಿಗೇ ಬಂದಳು. "ನನಗ ಪತ್ರನ ಬರಲಿಲ್ಲ ನೋಡು," ಎಂದು ನಕ್ಕು, ಚೀಲದಿಂದ ದಪ್ಪನೆಯ ನೋಟ್‌ಬುಕ್ ತೆಗೆದಳು. "ಹುಡುಗ್ಯಾರು ನನ್ನ ಮುಂದ ಅತ್ತು ಹೇಳಿದ್ದೆಲ್ಲಾ ಇದರಾಗ ಐತಿ, ಹೆಸರು ಸಮೇತ. ನಿನ್ನ ಕೆಲಸಕ್ಕ ಬೇಕಾಗ್ತೈತಿ. ಬ್ಯಾರೆ ಯಾರ ಕೈಯಾಗೂ ನಾ ಇದನ್ನ ಕೊಡಾಕಿ ಅಲ್ಲ."

ಶುಭಾಂಗಿಗೆ ನಾಚಿಕೆಯಾಯಿತು, ಇಲ್ಲವೆನ್ನುವಂತಿಲ್ಲ. ಆದರೆ ನಾಚಿಕೆಗಿಂತ ಮೊದಲು ಹೊಟ್ಟೆ ಉರಿಯಿತು. ಸೋತು ಬಂದವಳ ಮುಖದಲ್ಲಿ ಈ ನಗೆ ಎಲ್ಲಿಂದ ಬರುತ್ತದೆ? ಸೀಟನ್ನೇನೋ ಕಸಿದುಕೊಂಡಾಯಿತು, ಆ ನಗೆಯನ್ನು ಕಸಿಯುವ ದಾರಿ ಮಾತ್ರ ತಿಳಿಯಲಿಲ್ಲ. ನಿಜ ಹೇಳಿದರೆ ಇವಳು ಕ್ಷಮಿಸಿಯೂ ಬಿಡುತ್ತಾಳೆ, ಅದನ್ನಂತೂ ತಡೆದುಕೊಳ್ಳುವುದು ಸಾಧ್ಯವಿರಲಿಲ್ಲ.

"ಜ್ವಾಪಾನ ಇಡ್ತೇನಿ," ಎಂದು ಎರಡೂ ಕೈಯಿಂದ ಇಸಿದುಕೊಂಡಳು.