ರವಿವಾರದ ಚಿತ್ರದ ಸಾಲಿ

"ತಡೀರಿ, ಇನ್ನೊಂದೀಟು ತಡೀರಿ," ಎಂದು ಸಾವಂತ್ರವ್ವ ಹೆಣ ಎತ್ತಲು ಬಂದವರಿಗೆ ಕೈ ಅಡ್ಡ ಹಿಡಿದಳು.

ಅವಳ ಗಂಡ, ಸವಣೂರಿನ ಡ್ರಾಯಿಂಗ್ ಮಾಸ್ತರ ಉಳಿವೆಪ್ಪನನ್ನು ಪಡಸಾಲೆಯ ಗೋಡೆಗೆ ಆನಿಸಿ ಕುಳ್ಳಿರಿಸಿದ್ದರು. ಹಣೆಯ ತುಂಬ ವಿಭೂತಿ. ಊರ ಹುಡುಗರಿಗೆಲ್ಲ ಚಿತ್ರ ಕಲಿಸಿದವನದು ಒಂದು ಫೋಟೊ ಕೂಡ ಮನೆಯಲ್ಲಿರಲಿಲ್ಲ.

"ಹೊತ್ತು ಏರಾಕತ್ತೇತಿ ವೈನಿ," ಎಂದ ಮೈದುನ ಲಕ್ಕಪ್ಪ. "ಫೋಟೊದವ ಹುಬ್ಬಳ್ಳಿಗೆ ಹೋಗ್ಯಾನ. ಎಷ್ಟಂತ ಕಾಯೋದು?"

ಬಂಕಾಪುರದಿಂದ ಮೊದಲ ಬಸ್ಸಿಗೆ ಬಂದಿದ್ದ ಮಾಬೂಬಿ ಹೆಂಗಸರ ಹಿಂದೆ ನಿಂತಿದ್ದಳು. ಸಾವಂತ್ರವ್ವ ಅವಳತ್ತ ತಿರುಗಿದಳು.

"ನೀ ಬರಿ ಇವರ ಮುಖಾನ."

"ನಾನಾ? ಪೆನ್ಸಿಲ್ ಹಿಡದು ಎಂಟು ವರ್ಷ ಆತ್ರಿ, ಅವ್ವಾರ."

"ಅವರ ಕಡೆ ಕಲತ ಹೆಣ್ಮಗಳು ನೀ ಒಬ್ಬಾಕಿನ. ಬರಿ."

*

ಐವತ್ತೇಳನೆಯ ಇಸವಿ. ರವಿವಾರ ಮನೆಯಲ್ಲೇ ಹುಡುಗರಿಗೆ ಚಿತ್ರದ ಸಾಲಿ ನಡೆಸುತ್ತಿದ್ದ ಮಾಸ್ತರ, ಒಂದು ದಿನ ಹಳೆಯ ಮಾಸಪತ್ರಿಕೆ ಹಿಡಿದು ದರ್ಜಿ ಗೌಸಸಾಬನ ಅಂಗಡಿಗೆ ಬಂದ. ಗೌಸಸಾಬನ ಮಗಳು ಮಾಬೂಬಿ ಅರಿವೆಯ ಮೇಲೆ ಬಿಡಿಸಿದ್ದ ಕುದುರೆ ಅವನ ಕಣ್ಣಿಗೆ ಬಿದ್ದಿತ್ತು.

"ಪ್ಯಾರಿಸಿನ್ಯಾಗ ಸರಕಾರಿ ಚಿತ್ರದ ಸಾಲಿಗೆ ಹೆಣ್ಮಕ್ಕಳನ್ನ ಸೇರಿಸ್ಕೋತಿರಲಿಲ್ಲಂತ, ಗೌಸಸಾಬ. ಆಗ ಒಬ್ಬ ಖಾಸಗಿ ಸಾಲಿ ತಗದು, ನೀವೂ ಬರ್ರಿ ಅಂದ. ಎಂಬತ್ತು ವರ್ಷದ ಹಿಂದಿನ ಮಾತು! ಎದುರಿಗೆ ಜೀವಂತ ಮನಿಷ್ಯಾರನ್ನ ಕುಂದ್ರಿಸಿ ಬರಸ್ತಿದ್ದ. ಯಾವ್ಯಾವ ದೇಶದಿಂದೋ ಬಂದು ಕಲತ್ರು. ನಿನ್ನ ಮಗಳನ್ನ ಕಳಸು."

"ಹುಡುಗರದು ಬಿಟ್ಟು ಆಕಿಗೆ ಖೋಲಿ ಬ್ಯಾರೆ ಇರತೈತೇನ್ರಿ?"

"ಇರತೈತಿ. ನನ್ನ ಹೆಂಡ್ತಿ ಬಾಗಲದಾಗ ಕುಂತಿರ್ತಾಳ."

ನಾಲ್ಕು ತಿಂಗಳು ಮಾಬೂಬಿ ಹೋದಳು. ಎದುರಿಗೆ ಕೂರಲು ಊರಲ್ಲಿ ಯಾರೂ ಒಪ್ಪದ್ದಕ್ಕೆ ಮಾಸ್ತರನೇ ಕೂರುತ್ತಿದ್ದ. "ಮೂಗು ಬರೀಬ್ಯಾಡ, ಮೂಗಿನ ನೆರಳು ಬರಿ," ಎನ್ನುತ್ತಿದ್ದ. ಅಷ್ಟರಲ್ಲಿ ಮದುವೆ ಗೊತ್ತಾಯಿತು.

"ಡ್ರಾಯಿಂಗ್ ಪರೀಕ್ಷೆಗೆ ಕುಂದ್ರಿಸ್ತೇನಿ, ಒಂದು ವರ್ಷ ತಡಿ," ಎಂದು ಮಾಸ್ತರ ಬೇಡಿಕೊಂಡ.

"ಇದು ಪ್ಯಾರಿಸ್ ಅಲ್ರಿ," ಎಂದ ಗೌಸಸಾಬ, ಹೊಲಿಗೆಯಿಂದ ತಲೆಯೆತ್ತದೆ.

ಮದುವೆಯಾಗಿ ಹೋದ ಬಂಕಾಪುರದ ಸಂತೆಯಲ್ಲಿ ಯಾರದಾದರೂ ಮುಖದ ಮೇಲೆ ಓರೆ ಬಿಸಿಲು ಬಿದ್ದರೆ ಮಾಬೂಬಿ ನಿಂತುಬಿಡುತ್ತಿದ್ದಳು. ಬುರ್ಖಾದೊಳಗೆ ಬೆರಳು ತಾನಾಗಿ ಆಡುತ್ತಿತ್ತು. "ಏನ ನೋಡಾಕತ್ತಿ?" ಎಂದು ಗಂಡ ಕೇಳಿದರೆ ಚೀಲ ಎತ್ತಿಕೊಂಡು ಮುಂದೆ ನಡೆಯುತ್ತಿದ್ದಳು.

*

ಒಲೆಯ ಇದ್ದಿಲು ಹಿಡಿದು ಅವಳು ಮಾಸ್ತರನ ಮುಂದೆ ಕುಳಿತಳು. ಮೊದಲ ಹಾಳೆ ಕೆಟ್ಟಿತು. ಎರಡನೆಯದರಲ್ಲಿ ಕೈ ನೆಟ್ಟಗಾಯಿತು. ಗೊಣಗುತ್ತಿದ್ದ ಲಕ್ಕಪ್ಪ ಹತ್ತಿರ ಬಂದು ಬಗ್ಗಿ ನೋಡಿ, ಬಾಗಿಲಿಗೆ ಅಡ್ಡ ನಿಂತವರನ್ನು ತಾನೇ ಸರಿಸಿದ. "ಬೆಳಕ ಬಿಡ್ರೋ."

ಮಾಸ್ತರನನ್ನು ಹೊತ್ತುಕೊಂಡು ಹೋದರು. ಭಜನೆಯ ತಾಳ ಓಣಿ ದಾಟಿತು. ಸಾವಂತ್ರವ್ವ ಚಿತ್ರವನ್ನು ಬಹಳ ಹೊತ್ತು ನೋಡಿದಳು.

"ಅವರೇ ಕುಂತಂಗ ಐತಿ," ಎಂದಳು. ಆಮೇಲೆ ಮೆಲ್ಲಗೆ, "ಆ ಪ್ಯಾರಿಸಿನ ಸಾಲಿ ಸುದ್ದೀನ ನಂಗೂ ಓದಿ ಹೇಳಿದ್ರು. ನೀನೂ ಬಾ ಅಂತ ಮಾತ್ರ ಒಂದಿನಾನೂ ಅನಲಿಲ್ಲ. ಇವತ್ತ ಅಂತಾರ, ನಾಳೆ ಅಂತಾರ ಅಂತ ಬಾಗಲದಾಗ ಕುಂತೆ."

ಮಾಬೂಬಿ ಉಳಿದಿದ್ದ ಒಂದು ಹಾಳೆಯನ್ನು ಅವಳ ಮುಂದೆ ಸರಿಸಿ, ಇದ್ದಿಲನ್ನು ಅವಳ ಅಂಗೈಯಲ್ಲಿಟ್ಟಳು.

ಸಾವಂತ್ರವ್ವ ಸೆರಗಿಗೆ ಕೈ ಒರೆಸಿಕೊಂಡಳು. ಹಾಳೆಯ ಈ ಅಂಚಿನಿಂದ ಆ ಅಂಚಿಗೆ, ನಡುಗುವ ಒಂದು ಗೆರೆ ಎಳೆದಳು.