ಹಾಲು ಹಿಂಡುವ ಹೊತ್ತಿನ ಸಭೆ

ನೂರ ಎಂಬತ್ತಾರು ಪುಟದ ವರದಿ. ಹದಿನಾಲ್ಕು ತಿಂಗಳು ಕೂತು ಬರೆದ ರೇಣುವಿಗೆ ಈಗ ಅದರ ಮುಖ ನೋಡುವುದೂ ಬೇಡವಾಗಿತ್ತು. ಗುರುವಾರ ಸಂಜೆ ಸಮಿತಿಯವರು ಅದನ್ನೊಪ್ಪಿ ಕೈ ಎತ್ತಿದರೆ ಮುಗಿಯಿತು, ಒಂದು ವಾರ ಹೊದ್ದು ಮಲಗುತ್ತೇನೆ ಎಂದು ಅವಳು ಮನೆಯಲ್ಲಿ ಎಲ್ಲರಿಗೂ ಸಾರಿಬಿಟ್ಟಿದ್ದಳು.

ನ್ಯೂಜೆರ್ಸಿಯ ಉತ್ತರದ ತುದಿಯಲ್ಲಿ, ನ್ಯೂಯಾರ್ಕ್ ಗಡಿಗೆ ತಾಗಿಕೊಂಡು, ಮೂರು ಟೌನ್‌ಶಿಪ್‌ಗಳಿವೆ. ಗುಡ್ಡ, ಹುಲ್ಲುಗಾವಲು, ಅಲ್ಲೊಂದು ಇಲ್ಲೊಂದು ಮನೆ. ಅಲ್ಲಿ ಮುಂದಿನ ಹತ್ತು ವರ್ಷ ಸರ್ಕಾರದ ನೆರವು ಯಾವ ಉದ್ಯಮಕ್ಕೆ ಹೋಗಬೇಕು ಎಂದು ಹೇಳುವ ಯೋಜನೆ ಅದು. ಮೂರೇ ಮೂರು ಮುಖ್ಯ ಉದ್ಯಮಗಳನ್ನು ಆರಿಸಬೇಕು. ಆರಿಸಿದವಕ್ಕೆ ನೆರವು, ಉಳಿದವಕ್ಕೆ ಒಂದು ಪುಟದ ಅನುಕಂಪ. ಮ್ಯಾನ್‌ಹಟನ್ನಿನ ಸಣ್ಣ ಕನ್ಸಲ್ಟಿಂಗ್ ಕಂಪನಿಯೊಂದರಲ್ಲಿ ಕೂತು ರೇಣು ಮತ್ತು ಅವಳ ಬಾಸ್ ಪ್ರೀತಮ್ ಗೋದಾಮು, ವೈನ್, ವೀಕೆಂಡ್ ಪ್ರವಾಸ ಎಂದು ಆರಿಸಿದ್ದರು. ಹೈನುಗಾರಿಕೆಯನ್ನು ಬಿಟ್ಟಿದ್ದರು. ಒಂದು ಕಾಲಕ್ಕೆ ಇನ್ನೂರು ಕೊಟ್ಟಿಗೆಗಳಿದ್ದ ಸೀಮೆಯಲ್ಲಿ ಈಗ ಒಂಬತ್ತು ಉಳಿದಿದ್ದವು. ಹಾಲು ತಣಿಸಿ ಬಾಟಲಿಗೆ ತುಂಬುವ ಒಂದು ಸಣ್ಣ ಘಟಕ ಕೊಡಿ ಎಂದು ಆ ಒಂಬತ್ತು ಮನೆಯವರು ಹಿಂದೆಂದೋ ಹಾಕಿದ ಅರ್ಜಿ ಫೈಲಿನಲ್ಲಿತ್ತು. ಆದರೆ ನೂರ ಹನ್ನೆರಡನೆಯ ಪುಟದಲ್ಲಿ ರೇಣುವೇ ಬರೆದಿದ್ದಳು: ‘ಎರಡು ಸಾರ್ವಜನಿಕ ಸಭೆಗಳಿಗೂ ಹೈನುಗಾರರು ಯಾರೂ ಬರಲಿಲ್ಲ. ಈ ವಲಯದಲ್ಲಿ ಆಸಕ್ತಿ ಉಳಿದಿಲ್ಲ.’

ಮಂಗಳವಾರ ಸಂಜೆ ನ್ಯೂಜೆರ್ಸಿಯದೇ ಸಮರ್‌ಸೆಟ್‌ನ ತಮ್ಮ ಮನೆಯಲ್ಲಿ ಊಟಕ್ಕೆ ಕೂತಾಗ ಅವಳ ತಾಯಿ ನಿಂಗಮ್ಮ, ಮಗಳು ಇಷ್ಟು ದಿನ ಏನು ಬರೆಯುತ್ತಿದ್ದಳು ಎಂದು ಮೊದಲ ಬಾರಿಗೆ ಕೇಳಿದಳು. ರೇಣು ರೊಟ್ಟಿ ಮುರಿಯುತ್ತಾ ಹೇಳಿದಳು. ಅಲ್ಲಿಯ ಜನಕ್ಕೆ ತಮ್ಮ ಕಸುಬಿನ ಮೇಲೇ ಕಾಳಜಿಯಿಲ್ಲ, ಕರೆದರೂ ಬರುವುದಿಲ್ಲ ಎಂದು ನಾಲ್ಕು ಮಾತು ಬೈದಳು ಕೂಡ.

“ಎಷ್ಟೊತ್ತಿಗೆ ಕರದಿದ್ದಿ?” ನಿಂಗಮ್ಮ ಕೇಳಿದಳು.

“ಸಂಜೀ ಐದೂವರಿಗೆ, ಅವ್ವಾ. ಆಫೀಸ್ ಮುಗಿಸಿ ಬರೋರಿಗೆ ಅನುಕೂಲ ಆಗ್ಲಿ ಅಂತ.”

ನಿಂಗಮ್ಮ ತಟ್ಟೆಯಿಂದ ತಲೆ ಎತ್ತಿದಳು. “ನಿನಗೇನ್ ಬುದ್ಧಿ ಐತೋ ಇಲ್ಲೋ? ಅದು ಹಾಲು ಹಿಂಡೋ ಹೊತ್ತು. ದನ ಕಟ್ಟಿದವ್ರು ಕೆಚ್ಚಲ ಬಿಟ್ಟು ನಿನ್ನ ಮಾತ್ ಕೇಳಾಕ ಬರ್ತಾರೇನು?”

ಹೈಸ್ಕೂಲಿನಲ್ಲಿ ಓದುವ ರೇಣುವಿನ ಮಗಳು ದಿಯಾ ಫೋನಿನಿಂದ ಕಣ್ಣು ತೆಗೆಯದೆಯೇ, “ಅಜ್ಜಿ ಹ್ಯಾಸ್ ಎ ಪಾಯಿಂಟ್, ಮಾಮ್” ಅಂದಳು.

ರೇಣು ಮುರಿದ ರೊಟ್ಟಿಯನ್ನು ತಟ್ಟೆಗೇ ಹಾಕಿದಳು. ರಾಣೆಬೆನ್ನೂರು ಕಡೆಯ ಹಳ್ಳಿಯಲ್ಲಿ ಅವಳಪ್ಪ ಹಾಲಿನ ಸಂಘದ ಕಾರ್ಯದರ್ಶಿಯಾಗಿದ್ದವನು. ಸಂಜೆ ಐದರಿಂದ ಏಳರವರೆಗೆ ಮನೆಯಲ್ಲಿ ಸತ್ತರೂ ಕೆಟ್ಟರೂ ಯಾರಿಗೂ ಪುರುಸೊತ್ತಿರುತ್ತಿರಲಿಲ್ಲ. ಕ್ಯಾನು ತೊಳೆಯುವುದು, ಅಳತೆ ಬರೆಯುವುದು, ಇದನ್ನೆಲ್ಲ ಮಾಡಿಯೇ ಅವಳು ಎಸ್ಸೆಸ್ಸೆಲ್ಸಿ ಮುಗಿಸಿದ್ದು. ಅಂಥವಳಿಗೆ ಇದು ಹೊಳೆಯಲಿಲ್ಲವೆಂದರೆ ಏನು ಹೇಳುವುದು! ನಿಜ ಹೇಳಬೇಕೆಂದರೆ ಆಫೀಸಿನವರ ಅನುಕೂಲವೂ ಬರೀ ನೆಪ. ಪ್ರೀತಮ್ ಡ್ರೈವ್ ಮಾಡುವುದಿಲ್ಲ. ಸಭೆ ಏಳೂವರೆಗೆ ಮುಗಿದರೆ ಅವನಿಗೆ ಮನೆಗೆ ಮರಳಲು ಸೀಕಾಕಸ್ ಕಡೆಗೆ ಹೋಗುವ ಟ್ರೇನ್ ಸಿಗುತ್ತದೆ. ಸಭೆಯ ಸಮಯವನ್ನು ಅವಳು ಟ್ರೇನಿನ ವೇಳಾಪಟ್ಟಿ ನೋಡಿ ಗೊತ್ತು ಮಾಡಿದ್ದಳು.

ಆಗಲೇ ಎದ್ದು ಪ್ರೀತಮ್‌ಗೆ ಫೋನ್ ಮಾಡಿದಳು. ಅವನು ಮಂಗಳೂರಿನವನು, ಕೆಟ್ಟವನಲ್ಲ, ಆದರೆ ಮೂವತ್ತು ವರ್ಷ ಇಂಥ ವರದಿಗಳನ್ನೇ ಬರೆದು ಬರೆದು ಜೀವ ಹೈರಾಣಾದವನು.

“ಎಂತ ಮಾರಾಯ್ತಿ ಈಗ ಹೇಳುದು? ಜನ ಕಮೆಂಟ್ ಕೊಡುವ ಪೀರಿಯಡ್ ಕ್ಲೋಸ್ ಆಗಿದೆ. ಪ್ರಿಂಟ್ ಆಗಿದೆ.”

“ತಪ್ಪು ನಮ್ಮದು ಪ್ರೀತಮ್. ಆಸಕ್ತಿ ಇಲ್ಲ ಅಂತ ಬರ್ದಿದೀವಿ. ಅದು ಸುಳ್ಳು.”

“ಒಂಬತ್ತು ಫಾರ್ಮ್ ಉಂಟು ಅಲ್ಲಿ. ಒಂಬತ್ತು! ಗೋದಾಮಿನಲ್ಲಿ ಆರು ನೂರು ಜನ ಕೆಲಸ ಮಾಡ್ತಾರೆ. ವಾಪಸ್ ತಗೊಂಡ್ರೆ ನಮ್ಮನ್ನು ಇನ್ನು ಯಾರು ಕರೀತಾರೆ? ಸುಮ್ಮನೆ ಮಲಗು.”

ಅವಳು ಮಲಗಿದಳು, ನಿದ್ದೆ ಮಾತ್ರ ಹತ್ತಿರ ಸುಳಿಯಲಿಲ್ಲ.

ಬುಧವಾರ ರಜೆ ಹಾಕಿ, ಮಧ್ಯಾಹ್ನ ಮೂರರ ಮೇಲೆ ಕಾರು ಹತ್ತಿದಳು. ಒಂದೂಮುಕ್ಕಾಲು ಗಂಟೆ ಡ್ರೈವ್. ಅರ್ಜಿಯಲ್ಲಿ ಮೊದಲ ಹೆಸರಿದ್ದ ಮಾರ್ಲೀನ್ ಎಂಬ ಹೆಂಗಸಿನ ಕೊಟ್ಟಿಗೆ ಮುಟ್ಟುವ ಹೊತ್ತಿಗೆ ಐದಾಗಿತ್ತು, ಹಾಲು ಹಿಂಡುವ ಮೆಷಿನ್ ಓಡುತ್ತಿತ್ತು. ಮಾರ್ಲೀನ್‌ಗೆ ಅರವತ್ತು ದಾಟಿರಬಹುದು. ಮಂಡಿಯವರೆಗಿನ ರಬ್ಬರ್ ಬೂಟು, ಎರಡೂ ಮಣಿಕಟ್ಟಿಗೆ ಪಟ್ಟಿ. ರೇಣು ಹೆಸರು ಹೇಳಿದ ಕೂಡಲೇ ಅವಳ ಮುಖ ಗಂಟಾಯಿತು.

“ಓಹೋ, ನೀವೇನಾ! ಸಭೆ ಎಂಟೂವರೆಗೆ ಇಡಿ ಅಂತ ನಿಮಗೆ ಇಮೇಲ್ ಮಾಡಿದ್ದೆ. ನಿಮ್ಮ ಸಲಹೆಗೆ ಧನ್ಯವಾದ ಅಂತ ಉತ್ತರ ಬಂತು. ಎರಡನೇ ಸಭೆಗೆ ಕೆಲಸ ಮುಗಿಸಿ ಓಡಿ ಬಂದೆ. ಹಾಲ್‌ಗೆ ಬೀಗ ಹಾಕಿತ್ತು.”

ರೇಣು ಅಂಥ ಉತ್ತರವನ್ನು ಎಷ್ಟು ಜನಕ್ಕೆ ಕಳಿಸಿದ್ದಳೋ ಅವಳಿಗೇ ಗೊತ್ತಿರಲಿಲ್ಲ. ನಾಚಿಕೆಯಿಂದ ನೆಲ ನೋಡಿದಳು. ಸಗಣಿಯ ವಾಸನೆ ಮೂಗಿಗೆ ಬಂತು, ಅಪ್ಪನ ನೆನಪಾಯಿತು, ಅಳು ಬಂದುಬಿಟ್ಟಿತು.

“ತಪ್ಪು ನನ್ನದು. ಈಗ ಕೇಳಬಹುದೇ?”

“ಕೇಳಿ. ನಾನು ಮಾತ್ರ ನಿಲ್ಲಿಸೋದಿಲ್ಲ.”

ಹೀಗೆ ಹಸುವಿನಿಂದ ಹಸುವಿಗೆ ಹಿಂದೆ ಹಿಂದೆ ನಡೆಯುತ್ತ ರೇಣು ಕೇಳಿದಳು. ಹಾಲು ಒಯ್ಯುವ ಲಾರಿಯವರು ಈ ಗುಡ್ಡಕ್ಕೆ ಬರುವುದನ್ನು ಮುಂದಿನ ಬೇಸಿಗೆಗೆ ನಿಲ್ಲಿಸುತ್ತಾರಂತೆ. ಒಂಬತ್ತು ಮನೆಯ ಹಾಲಿಗೋಸ್ಕರ ಟ್ಯಾಂಕರ್ ಅಷ್ಟು ದೂರ ಹತ್ತಿದರೆ ಪೂರೈಸುವುದಿಲ್ಲವಂತೆ. ಇಲ್ಲೇ ಘಟಕ ಆದರೆ ಬದುಕು, ಇಲ್ಲದಿದ್ದರೆ ಹಸುಗಳನ್ನು ಹರಾಜು ಹಾಕಬೇಕು. ಮತ್ತೆ ನಿಮ್ಮ ವರದಿಯ ಕೋಷ್ಟಕದಲ್ಲಿ ಈ ಫಾರ್ಮ್‌ನ ಉದ್ಯೋಗ ಸೊನ್ನೆ ಅಂತ ಇದೆಯಲ್ಲ, ಏನದು ಎಂದು ಮಾರ್ಲೀನ್ ಕೇಳಿದಳು. ಸಂಬಳದ ಪಟ್ಟಿಯಲ್ಲಿ ಇದ್ದವರನ್ನಷ್ಟೇ ಎಣಿಸುತ್ತಾರೆ ಎಂದು ರೇಣು ಹೇಳಬೇಕಾಯಿತು.

“ನಾನು, ನನ್ನ ಗಂಡ, ಅವನ ತಮ್ಮ. ನಲವತ್ತು ವರ್ಷ, ದಿನಕ್ಕೆ ಎರಡು ಸಲ. ಸೊನ್ನೆಯಾ?”

ಉಳಿದ ಎಂಟು ಮನೆಯವರ ಮಾತೂ ಕೇಳಬೇಕು ಎಂದಳು ರೇಣು.

ಮಾರ್ಲೀನ್ ಉಳಿದವರಿಗೆ ಫೋನ್ ಮಾಡಿದಳು. ಎಲ್ಲರೂ ತಂತಮ್ಮ ಹಾಲು ಮುಗಿಸಿಕೊಂಡು ಎಂಟೂವರೆ ಸುಮಾರಿಗೆ ಅವಳ ಅಡುಗೆಮನೆಗೆ ಬಂದರು. ಒಬ್ಬ ಮುದುಕ ಕುರ್ಚಿಯಲ್ಲಿ ಕೂತಲ್ಲೇ ನಿದ್ದೆಹೋದ, ಯಾರೂ ಎಬ್ಬಿಸಲಿಲ್ಲ. ಹದಿನಾಲ್ಕು ತಿಂಗಳಲ್ಲಿ ನಡೆದ ನಿಜವಾದ ಸಭೆ ಅದೊಂದೇ. ನಾಳಿನ ಸಭೆಗೆ ಬನ್ನಿ ಎಂದು ರೇಣು ಹೇಳಲಿಲ್ಲ. ಅದೂ ಐದೂವರೆಗೇ ಇತ್ತು, ಯಾವ ಬಾಯಲ್ಲಿ ಕರೆಯುವುದು?

ಗುರುವಾರ ಸಂಜೆ ರೇಣು ಟೌನ್‌ಶಿಪ್ ಹಾಲ್‌ಗೆ ಹೋದಾಗ ಹಿಂದಿನ ಎರಡು ಸಾಲು ತುಂಬಿತ್ತು. ಒಂಬತ್ತು ಮನೆಯವರೂ ಬಂದಿದ್ದರು, ಬೂಟು ಸಮೇತ, ಹಸುಗಳನ್ನು ಹಿಂಡದೆ ಬಿಟ್ಟು. ಹಾಲು ಕಟ್ಟಿದರೆ ದನಕ್ಕೆ ಎಷ್ಟು ನೋವು ಎಂದು ರೇಣುವಿಗೆ ಗೊತ್ತು.

ಮಾರ್ಲೀನ್ ಕೈ ಎತ್ತಿದಳು. ಸಾರ್ವಜನಿಕರ ಅಭಿಪ್ರಾಯಕ್ಕೆ ಕೊಟ್ಟ ಅವಧಿ ಮುಗಿದಿದೆ, ದಯವಿಟ್ಟು ಕೂತುಕೊಳ್ಳಿ ಎಂದು ಸಮಿತಿಯ ಅಧ್ಯಕ್ಷರು ಸೌಜನ್ಯದಿಂದಲೇ ಹೇಳಿದರು. ಅವಳು ಕೂತಳು. ಪ್ರೀತಮ್ ಹತ್ತು ನಿಮಿಷ ಸ್ಲೈಡ್ ತೋರಿಸಿದ. ಗೋದಾಮು, ವೈನ್, ಪ್ರವಾಸ. ಹಿಂದಿನ ಸಾಲಿನವರು ಗೋಡೆ ಗಡಿಯಾರ ನೋಡುತ್ತಿದ್ದರು.

ಸಮಿತಿಯವರು ಕೈ ಎತ್ತುವುದಕ್ಕೆ ಮೊದಲು ಒಂದು ಶಾಸ್ತ್ರ ಬಾಕಿಯಿರುತ್ತದೆ. ಗುಮಾಸ್ತೆ ಒಂದು ವಾಕ್ಯ ಓದುತ್ತಾಳೆ, ವರದಿ ಬರೆದವರು ಎದ್ದು ‘ಎಸ್’ ಎಂದು ಕೂರಬೇಕು. ರೇಣು ಇಪ್ಪತ್ತೆರಡು ವರದಿಗಳಿಗೆ ಹಾಗೆ ಎಸ್ ಅಂದವಳು. ಅದನ್ನು ಯಾರೂ ಕಿವಿಗೊಟ್ಟು ಕೇಳುವುದೂ ಇಲ್ಲ.

“ಸಂಬಂಧಪಟ್ಟ ಎಲ್ಲ ಉದ್ಯಮಗಳವರಿಗೂ ಭಾಗವಹಿಸಲು ತಕ್ಕ ಅವಕಾಶ ಕೊಟ್ಟು ಈ ವರದಿಯನ್ನು ಬರೆಯಲಾಗಿದೆಯೇ?” ಗುಮಾಸ್ತೆ ಓದಿದಳು.

ರೇಣು ಎದ್ದು ನಿಂತಳು. ಪ್ರೀತಮ್ ತಲೆ ಎತ್ತದೆಯೇ ಕನ್ನಡದಲ್ಲಿ ಪಿಸುಗುಟ್ಟಿದ: “ಹೇಳಿ ಕೂತ್ಕೊ ರೇಣು. ನನಗೂ ಸಾಕಾಗಿದೆ.”

ಅವಳಿಗೂ ಸಾಕಾಗಿತ್ತು. ಕಾಲು ನೋಯುತ್ತಿತ್ತು, ಮನೆಗೆ ಹೋಗಬೇಕಿತ್ತು. ಒಂದು ಮಾತು, ಅಷ್ಟೇ.

“ನೋ,” ಅಂದಳು.

ಗುಮಾಸ್ತೆ ಇನ್ನೊಮ್ಮೆ ಓದಿದಳು. ರೇಣು ಇನ್ನೊಮ್ಮೆ ನೋ ಅಂದಳು. ಸಭೆಗಳನ್ನು ಹಾಲು ಹಿಂಡುವ ಹೊತ್ತಿಗೆ ಇಟ್ಟವಳು ನಾನೇ, ಬದಲಿಸಿ ಎಂದವರಿಗೆ ಸರಿಯಾಗಿ ಉತ್ತರ ಕೊಡದವಳೂ ನಾನೇ ಎಂದಳು. ಅಧ್ಯಕ್ಷರು ಸಮಿತಿಯ ವಕೀಲರ ಕಡೆ ವಾಲಿದರು, ಎರಡು ನಿಮಿಷ ಗುಸುಗುಸು ನಡೆಯಿತು. ಆಮೇಲೆ ವರದಿಯನ್ನು ವಾಪಸ್ ಮಾಡಿದ್ದೇವೆ, ಆರು ವಾರದೊಳಗೆ ಹೈನುಗಾರರ ಮಾತು ಕೇಳಿ ಮತ್ತೆ ತನ್ನಿ ಎಂದರು.

ಯಾರೂ ಚಪ್ಪಾಳೆ ತಟ್ಟಲಿಲ್ಲ, ಹತ್ತಿರ ಬಂದು ಕೈ ಕುಲುಕಲಿಲ್ಲ. ಅವರಿಗೆಲ್ಲಿಯ ಪುರುಸೊತ್ತು! ಹಿಂದಿನ ಎರಡೂ ಸಾಲು ಅಧ್ಯಕ್ಷರ ಮಾತು ಮುಗಿಯುವ ಮೊದಲೇ ಖಾಲಿಯಾಗಿತ್ತು. ಹೊರಗೆ ಪಿಕಪ್‌ಗಳು ಒಂದರ ಹಿಂದೊಂದು ಸ್ಟಾರ್ಟ್ ಆದವು.

ಪ್ರೀತಮ್‌ನನ್ನು ಸ್ಟೇಷನ್‌ಗೆ ಬಿಡಲು ರೇಣುವೇ ಹೋಗಬೇಕಿತ್ತು, ಬೇರೆ ಗಾಡಿ ಇರಲಿಲ್ಲ.

“ಮುಂದಿನ ಸಭೆ ಎಂಟೂವರೆಗೆ ಇಡಬೇಕು,” ರೇಣು ಹೇಳಿದಳು. “ಅದಕ್ಕಿಂತ ಮೊದಲು ಅವರಿಗೆ ಆಗೋದಿಲ್ಲ. ನಾನು ಕಾರಲ್ಲಿ ಬರ್ತೀನಿ, ನೀವು ಬರೋದು ಬೇಡ.”

“ಈ ಕೆಲಸದಲ್ಲಿ ಇನ್ನು ನೀನು ಇರುದಿಲ್ಲ ರೇಣು,” ಪ್ರೀತಮ್ ಅಂದ. ಅವನ ಧ್ವನಿಯಲ್ಲಿ ಸಿಟ್ಟಿರಲಿಲ್ಲ. “ಕಂಪನಿಯ ಪಾರ್ಟ್ನರ್‌ಗಳಿಗೆ ಹೋಗಿ ನಾನು ಎಂತ ಹೇಳುದು? ಬೇರೆ ಯಾರನ್ನಾದ್ರೂ ಹಾಕ್ತೇನೆ.”

ರೇಣು ಸಿಗ್ನಲ್‌ನಲ್ಲಿ ಕಾರು ನಿಲ್ಲಿಸಿದಳು. ಇದು ಬರುತ್ತದೆಂದು ಅವಳಿಗೆ ಗೊತ್ತಿತ್ತು. ಹಸಿರು ದೀಪ ಬಂದರೂ ಅವಳು ಕಾರು ಮುಂದೆ ಬಿಡಲಿಲ್ಲ.

“ಹಾಕಿ. ಆದ್ರೆ ಎಂಟೂವರೆ ಅಂತ ಈಗ್ಲೇ ಬರ್ಕೊಳ್ಳಿ.”

“ನೆನಪುಂಟು ಮಾರಾಯ್ತಿ.”

“ಇಲ್ಲ ಪ್ರೀತಮ್, ನನಗೇ ನೆನಪಿರ್ಲಿಲ್ಲ. ಬರ್ಕೊಳ್ಳಿ.”

ಹಿಂದಿನ ಕಾರಿನವನು ಹಾರ್ನ್ ಹೊಡೆದ. ಪ್ರೀತಮ್ ಜೇಬಿನಿಂದ ಪೆನ್ನು ತೆಗೆದು, ಮಡಿಲಲ್ಲಿದ್ದ ವರದಿಯ ರಟ್ಟಿನ ಮೇಲೆಯೇ ಬರೆದುಕೊಂಡ. ಅವನು ಬರೆದು ಮುಗಿಸುವವರೆಗೂ ರೇಣು ಬ್ರೇಕಿನಿಂದ ಕಾಲು ತೆಗೆಯಲಿಲ್ಲ.